ಕಚ್ಚಿಕೊಂಡ ಸ್ಕ್ರೂ ಬಿಡಿಸುವುದು ಹೇಗೆ? ವಾಚಿನ ಬೆಲ್ಟ್ ಬದಲಿಸುವವರಿಗೆ

ಮಳೆಗಾಲ ಹಿಡಿದ ಮೇಲೆ ಕಾರವಾರದ ಅಡುಗೆಮನೆಗಳಲ್ಲಿ ಉಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿಯ ತೇವಾಂಶ ಶೇ 75ನ್ನು ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿ ಬಹುಪಾಲು ಆ ಗಡಿಯ ಮೇಲೆಯೇ ಇರುತ್ತದೆ. ಭರಣಿಯಲ್ಲಿ ಆಗುವುದೇ ಕೈಗಡಿಯಾರದ ಬೆಲ್ಟನ್ನು ಹಿಡಿದಿಟ್ಟಿರುವ, ಸಾಸಿವೆ ಕಾಳಿನಷ್ಟು ತಲೆಯ ಸ್ಕ್ರೂವಿನ ಸುತ್ತಲೂ ಆಗುತ್ತದೆ. ಬೆವರಿನ ಉಪ್ಪು, ಕಡಲ ಗಾಳಿಯ ಉಪ್ಪು, ಸೋಪಿನ ಜಿಡ್ಡು ಮತ್ತು ಚರ್ಮದ ಎಣ್ಣೆ ಎಲ್ಲವೂ ಥ್ರೆಡ್ಡಿನ, ಅಂದರೆ ಸ್ಕ್ರೂವಿನ ಮೈಮೇಲಿನ ಸುರುಳಿ ಗೆರೆಗಳ, ಸಂದಿಗೆ ಇಳಿದು, ಮಳೆಗಾಲದಲ್ಲಿ ನೆನೆದು, ಬೇಸಿಗೆಯಲ್ಲಿ ಒಣಗಿ, ಎರಡು ಮೂರು ವರ್ಷಗಳಲ್ಲಿ ಗಾರೆಯಂತೆ ಗಟ್ಟಿಯಾಗುತ್ತವೆ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಆ ಲೋಹವನ್ನು ಕಾಯುವುದು ಅದರ ಮೈಮೇಲೆ ತಾನಾಗಿ ಕಟ್ಟಿಕೊಳ್ಳುವ, ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡಿನ ಪೊರೆ. ಆ ಪೊರೆ ಹರಿದರೆ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ಸ್ಕ್ರೂವಿನ ಸಂದಿಯೊಳಗೆ ಗಾಳಿ ಆಡುವುದಿಲ್ಲ, ಅಲ್ಲಿ ನಿಂತಿರುವುದು ಉಪ್ಪುನೀರು; ಹಾಗಾಗಿ ಹೊರಗೆ ಫಳಫಳ ಹೊಳೆಯುವ ವಾಚಿನ ಒಳಸಂದಿಯಲ್ಲಿ ತುಕ್ಕು ಸದ್ದಿಲ್ಲದೆ ಬೆಳೆಯುತ್ತದೆ. ಮಾಲಿಬ್ಡಿನಂ ಬೆರೆಸಿದ 316ಎಲ್ ದರ್ಜೆಯ ಉಕ್ಕು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಹಿತ್ತಾಳೆಯ ಮೇಲೆ ಮುಲಾಮು (ಬೇರೆ ಲೋಹದ ತೆಳು ಲೇಪ) ಹಾಕಿದ ಅಗ್ಗದ ಕೇಸಿನೊಳಗೆ (ವಾಚಿನ ಹೊರಕವಚದೊಳಗೆ) ಉಕ್ಕಿನ ಸ್ಕ್ರೂ ಕೂತಿದ್ದರೆ ಮಾತ್ರ ಎರಡು ಲೋಹಗಳ ನಡುವೆ ಉಪ್ಪುನೀರು ನಿಂತು ಕೆಲಸ ಇನ್ನಷ್ಟು ಬೇಗ ಕೆಡುತ್ತದೆ.

ಕಚ್ಚಿಕೊಂಡ ಸ್ಕ್ರೂವನ್ನು ಬಿಡಿಸುವುದು ಮುಂಗೈಯ ಬಲವಲ್ಲ, ಅದರ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರಿನ ತುದಿ ಮತ್ತು ಒಂದು ರಾತ್ರಿಯ ತಾಳ್ಮೆ. ಈ ಮಾತನ್ನು ನಾನು ಕಲಿತದ್ದು ನನ್ನದೇ ವಾಚಿನ ಪಕ್ಕದಲ್ಲಿ ಅರ್ಧ ಇಂಚಿನ ಗೀರು ಬಿದ್ದ ಮೇಲೆ.

ಮೊದಲು, ಅದು ಸ್ಕ್ರೂ ಹೌದೇ?

ಹೆಚ್ಚಿನ ವಾಚುಗಳಲ್ಲಿ ಬೆಲ್ಟನ್ನು ಹಿಡಿದಿರುವುದು ಸ್ಕ್ರೂ ಅಲ್ಲ, ಒತ್ತಿದರೆ ಕುಗ್ಗುವ ಸ್ಪ್ರಿಂಗ್ ಪಿನ್. 1961ರಿಂದ ಬೆಂಗಳೂರಿನಲ್ಲಿ ತಯಾರಾದ ಎಚ್‌ಎಂಟಿ ವಾಚುಗಳು ಇನ್ನೂ ಅನೇಕರ ಮನೆಯಲ್ಲಿವೆ. ಅವುಗಳಲ್ಲಿಯೂ ಸಾಮಾನ್ಯವಾಗಿ ಇರುವುದು ಈ ಪಿನ್ನೇ. ಅದಕ್ಕೆ ಸ್ಕ್ರೂಡ್ರೈವರ್ ಬೇಕಿಲ್ಲ. ಕವಲು ತುದಿಯ ಚಿಕ್ಕ ಸಲಕರಣೆಯಿಂದ ಪಿನ್ನಿನ ಭುಜವನ್ನು ಒಳಕ್ಕೆ ಒತ್ತಿದರೆ ಬೆಲ್ಟು ಕಳಚಿ ಬರುತ್ತದೆ.

ಲೋಹದ ಚೈನಿನಲ್ಲಿ ಇನ್ನೊಂದು ಮೋಸವಿದೆ. ಕೆಲವು ಚೈನುಗಳ ಕೊಂಡಿಗಳನ್ನು ಜೋಡಿಸಲು ತುದಿ ಸೀಳಿದ ಪಿನ್ನನ್ನು ಬಡಿದು ಕೂರಿಸಿರುತ್ತಾರೆ. ಪಕ್ಕದಿಂದ ನೋಡಿದರೆ ಆ ಸೀಳು ಥೇಟ್ ಸ್ಕ್ರೂವಿನ ತಲೆಯಂತೆಯೇ ಕಾಣುತ್ತದೆ. ಅದನ್ನು ತಿರುಗಿಸಲು ಹೋದರೆ ಪಿನ್ನೂ ಕೆಡುತ್ತದೆ, ಸ್ಕ್ರೂಡ್ರೈವರಿನ ತುದಿಯೂ ಮುರಿಯುತ್ತದೆ. ಚೈನಿನ ಒಳಬದಿಯಲ್ಲಿ ಬಾಣದ ಗುರುತು ಇದ್ದರೆ ಅದು ಬಾಣದ ದಿಕ್ಕಿಗೆ ತಳ್ಳಿ ತೆಗೆಯಬೇಕಾದ ಪಿನ್ ಎಂದೇ ತಿಳಿಯಬೇಕು. ಭೂತಗನ್ನಡಿ ಹಿಡಿದು ನೋಡುವ ಐದು ನಿಮಿಷವನ್ನು ಯಾರೂ ಉಳಿಸಲು ಹೋಗಬಾರದು.

ಮೂರನೆಯದು, ಕೇಸಿನಿಂದ ಕಿವಿಗಳಂತೆ ಚಾಚಿಕೊಂಡಿರುವ ಲಗ್‌ಗಳ ನಡುವೆ ಹಾಯ್ದಿರುವ ಸರಳು. ಇದರ ಎರಡೂ ತುದಿಯಲ್ಲಿ ಸ್ಕ್ರೂವಿನ ತಲೆ ಇರುತ್ತದೆ. ನನ್ನ ವಾಚು ಇಂಥದ್ದೇ. ಒಂದು ಬದಿಯನ್ನು ಎಷ್ಟು ತಿರುಗಿಸಿದರೂ ಅದು ಹೊರಬರುತ್ತಿರಲಿಲ್ಲ; ಬಲ ಹಾಕಿದೆ, ತುದಿ ಜಾರಿತು, ಗೀರು ಬಿತ್ತು. ಆಮೇಲೆ ಶಿರಸಿಗೆ ಹೋದಾಗ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದು ಸಲ ತಿರುಗಿಸಿ ನೋಡಿ, “ತಮಾ, ಇದು ಕಚ್ಚಿಕೊಂಡಿದ್ದಲ್ಲ, ಆ ಬದಿಯೂ ಕೂಡೇ ತಿರುಗ್ತಾ ಇದ್ದು” ಎಂದರು. ಆಚೆ ತುದಿಗೆ ಇನ್ನೊಂದು ಸ್ಕ್ರೂಡ್ರೈವರ್ ಕೊಟ್ಟು ಅಲುಗದಂತೆ ಹಿಡಿದು ಈಚೆ ತುದಿಯನ್ನು ತಿರುಗಿಸಿದರು; ಎರಡು ಸುತ್ತಿಗೆ ಸ್ಕ್ರೂ ಕೈಗೆ ಬಂತು. ಸ್ಕ್ರೂ ತಿರುಗುತ್ತಿದ್ದೂ ಹೊರಗೆ ಬರುತ್ತಿಲ್ಲವೆಂದರೆ ಆಚೆ ತುದಿಯನ್ನು ನೋಡಿ.

ಕೆಲಸದ ಜಾಗ

ಅಂಚಿರುವ ಹರಿವಾಣವೊಂದರಲ್ಲಿ ಬಿಳಿ ಬಟ್ಟೆ ಹಾಸಿ ಅದರೊಳಗೇ ಕೆಲಸ ಮಾಡುವುದು ಒಳ್ಳೆಯದು. ಕೆಳಗೆ ಬಿದ್ದ ಸ್ಕ್ರೂವನ್ನು ಅಯಸ್ಕಾಂತ ಹಿಡಿದು ಹುಡುಕೋಣವೆಂದರೆ, ವಾಚಿನಲ್ಲಿ ಬಳಸುವ ಸ್ಟೇನ್‌ಲೆಸ್ ಸ್ಟೀಲ್ ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಅಂಟುವುದೇ ಇಲ್ಲ. ಮೇಲಾಗಿ ವಾಚಿನ ಹತ್ತಿರ ಅಯಸ್ಕಾಂತ ತರುವುದೂ ತರವಲ್ಲ.

ಚೈನನ್ನು ಅಡ್ಡ ಮಲಗಿಸಿ, ಸ್ಕ್ರೂವಿನ ತಲೆ ನೆಟ್ಟಗೆ ಮೇಲೆ ನೋಡುವಂತೆ ಹಿಡಿದಿಡಲು ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಚೌಕಟ್ಟು ಸಿಗುತ್ತದೆ. ಸಿಗದಿದ್ದರೆ ಗೇಣುದ್ದದ ಅಡಿಕೆ ದಬ್ಬೆಗೆ ಗರಗಸದಿಂದ ಒಂದು ಕಚ್ಚು ಹಾಕಿಕೊಂಡರೂ ಸಾಕು. ಅದು ಚೈನನ್ನು ಗೀರದೆ ಬಿಗಿಯಾಗಿ ಹಿಡಿಯುತ್ತದೆ. ಎಡಗೈಯಲ್ಲಿ ವಾಚು, ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಗಾಳಿಯಲ್ಲಿ ತಿರುಗಿಸುವುದು ಅಂಗೈಗೆ ಗಾಯ ಮಾಡಿಕೊಳ್ಳುವ ದಾರಿ.

ಆಮೇಲೆ ಸ್ವಚ್ಛತೆ. ಸೀಳಿನಲ್ಲಿ ತುಂಬಿರುವ ಕಪ್ಪು ಕೊಳೆಯನ್ನು ಹೊಲಿಗೆ ಸೂಜಿಯ ಮೊನೆಯಿಂದ ಕೆದಕಿ ತೆಗೆಯಬೇಕು. ಮೆತ್ತಗಿನ ಕೊಳೆಗೆ ಹಿಡಿಕಡ್ಡಿಯ ಚೂಪು ಮಾಡಿದ ತುದಿಯೇ ಸಾಕು. ಚೈನು ಕೇಸಿನಿಂದ ಬೇರೆಯಾಗುವಂತಿದ್ದರೆ ಬೇರೆ ಮಾಡಿ, ಬೆಚ್ಚಗಿನ ಸೋಪುನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಸೀಳಿನ ತಳ ಕಾಣುವವರೆಗೆ ಸ್ಕ್ರೂಡ್ರೈವರನ್ನು ಮುಟ್ಟಬಾರದು. ತಳದವರೆಗೆ ಇಳಿಯದ ತುದಿ ಮೇಲಿನ ಅಂಚನ್ನಷ್ಟೇ ಹಿಡಿಯುತ್ತದೆ, ಅಂಚು ಮುರಿಯುತ್ತದೆ.

ತುದಿಯ ಅಳತೆ

ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಚೈನಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 1.2, 1.4 ಅಥವಾ 1.6 ಮಿಲಿಮೀಟರ್ ಅಗಲದ ತುದಿ ಬೇಕಾಗುತ್ತದೆ. ತುದಿ ಸೀಳಿನ ಉದ್ದವನ್ನು ಪೂರ್ತಿ ತುಂಬಬೇಕು, ಆದರೆ ತಲೆಯಿಂದ ಹೊರಗೆ ಚಾಚಬಾರದು. ಚಾಚಿದರೆ ಅದು ತಿರುಗುವಾಗ ಚೈನಿನ ರಂಧ್ರದ ಗೋಡೆಯನ್ನು ಕೆರೆಯುತ್ತದೆ. ಅಗಲದಷ್ಟೇ ದಪ್ಪವೂ ಮುಖ್ಯ, ಮತ್ತು ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅಗ್ಗದ ಡಬ್ಬಿಯಲ್ಲಿ ಬರುವ ಸ್ಕ್ರೂಡ್ರೈವರುಗಳ ತುದಿ ಬೆಣೆಯಂತೆ ಓರೆಯಾಗಿರುತ್ತದೆ. ಬಲ ಬಿದ್ದ ಕೂಡಲೇ ಬೆಣೆ ತನ್ನಷ್ಟಕ್ಕೆ ಮೇಲೆ ಏರಿ ಸೀಳಿನಿಂದ ಹೊರಗೆ ಜಾರುತ್ತದೆ. ಅಂಥದ್ದನ್ನು ಎಣ್ಣೆ ಹಾಕಿದ ಸಾಣೆಕಲ್ಲಿನ ಮೇಲೆ ಎರಡೂ ಮಗ್ಗುಲು ತಿಕ್ಕಿ, ತುದಿಯ ಕೊನೆಯ ಅರ್ಧ ಮಿಲಿಮೀಟರು ಸಮಾನಾಂತರವಾಗುವಂತೆ ಮಾಡಿಕೊಳ್ಳಬೇಕು. ಸರಿಯಾದ ತುದಿಯ ಪರೀಕ್ಷೆ ಸುಲಭ: ಸೀಳಿನಲ್ಲಿ ಕೂರಿಸಿ ಅತ್ತಿತ್ತ ಅಲುಗಿಸಿದರೆ ಅದು ಗಡಗಡ ಆಡಬಾರದು.

ಹಿಡಿಯುವ ಕ್ರಮಕ್ಕೂ ಗಡಿಯಾರ ಕೆಲಸಗಾರರಲ್ಲಿ ಒಂದು ರೂಢಿಯಿದೆ. ತೋರುಬೆರಳು ಸ್ಕ್ರೂಡ್ರೈವರಿನ ನೆತ್ತಿಯ ಮೇಲೆ ಕೂತು ನೆಟ್ಟಗೆ ಕೆಳಕ್ಕೆ ಒತ್ತುತ್ತದೆ, ಹೆಬ್ಬೆರಳು ಮತ್ತು ನಡುಬೆರಳು ತಿರುಗಿಸುತ್ತವೆ. ತಿರುಗಿಸುವುದಕ್ಕಿಂತ ಹೆಚ್ಚು ಬಲ ಒತ್ತುವುದಕ್ಕೆ ಹೋಗಬೇಕು. ಸ್ಕ್ರೂವನ್ನು ಮೊದಲು ಬಿಗಿಯುವ ದಿಕ್ಕಿಗೆ, ಅಂದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ, ಕೂದಲೆಳೆಯಷ್ಟು ಒತ್ತಿ ನೋಡಿ. ಅನಂತರ ವಿರುದ್ಧ ದಿಕ್ಕಿಗೆ. ಒಳಗಿನ ಉಪ್ಪಿನ ಕಟ್ಟು ಒಡೆಯುವುದು ಎಷ್ಟೋ ಸಲ ಆ ಮೊದಲ ಒತ್ತಿಗೇ. “ಟಿಕ್” ಎಂಬ ಸಣ್ಣ ಸದ್ದು ಕೇಳಿದರೆ ಅರ್ಧ ಕೆಲಸ ಮುಗಿಯಿತೆಂದೇ ಲೆಕ್ಕ. ಮೂರು ಪ್ರಯತ್ನಕ್ಕೆ ಅಲುಗದಿದ್ದರೆ ನಿಲ್ಲಿಸಬೇಕು.

ಎಣ್ಣೆಯೋ, ಬಿಸಿಯೋ?

ಇಲ್ಲಿ ಕಾರಣ ತಿಳಿಯದೆ ಮುಂದುವರಿಯಬಾರದು. ಹಳೆಯ ವಾಚಿನ ಸ್ಕ್ರೂವಿನ ತಲೆಯ ಸುತ್ತ ಬಿಳಿ ಅಥವಾ ಕಂದು ಕಟ್ಟು ಕಂಡರೆ ಅದು ಉಪ್ಪು ಮತ್ತು ತುಕ್ಕು, ಅದಕ್ಕೆ ಎಣ್ಣೆ. ವಾಚು ಹೊಸದು, ಸ್ಕ್ರೂ ಚೊಕ್ಕಟವಾಗಿದೆ, ಆದರೂ ಅಲುಗುವುದಿಲ್ಲ ಎಂದರೆ ಕಾರ್ಖಾನೆಯಲ್ಲಿಯೇ ಥ್ರೆಡ್ಡಿಗೆ ಅಂಟು ಹಾಕಿದ್ದಾರೆ; ಅದಕ್ಕೆ ಬಿಸಿ. ಅಂಟಿಗೆ ಎಷ್ಟು ಎಣ್ಣೆ ಬಿಟ್ಟರೂ ಪ್ರಯೋಜನವಿಲ್ಲ.

ಎಣ್ಣೆ ಎಂದ ಕೂಡಲೇ ನಮ್ಮಲ್ಲಿ ಕೈ ಹೋಗುವುದು ಕೊಬ್ಬರಿ ಎಣ್ಣೆಗೆ. ಅದು ಬೇಡ. ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುವ ಎಣ್ಣೆ ಅದು. ಚಳಿಗಾಲದ ಬೆಳಿಗ್ಗೆ ಶಿರಸಿಯಲ್ಲಿ ಬಾಟಲಿಯಿಂದಲೇ ಇಳಿಯದ್ದು ಕೂದಲೆಳೆಯಂಥ ಸಂದಿಗೆ ಇಳಿಯುವುದೆಲ್ಲಿ ಬಂತು? ಕಾಲ ಕಳೆದಂತೆ ಅಂಟಂಟಾಗಿ ಇನ್ನಷ್ಟು ಕೊಳೆಯನ್ನೂ ಹಿಡಿಯುತ್ತದೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ಬೆಳಗುವ ಅಭ್ಯಾಸದಿಂದ ವಾಚಿಗೂ ಹುಳಿ ಹಚ್ಚಿದವರನ್ನು ಕಂಡಿದ್ದೇನೆ. ಹುಳಿ ತುಕ್ಕಿಗಿಂತ ಮೊದಲು ಮುಲಾಮನ್ನು ತಿನ್ನುತ್ತದೆ. ತುಕ್ಕು ಬಿಡಿಸಲೆಂದೇ ಮಾರುವ ತೆಳು ಎಣ್ಣೆ ಸಿಕ್ಕರೆ ಎಲ್ಲಕ್ಕಿಂತ ಉತ್ತಮ. ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಡಬ್ಲ್ಯೂಡಿ-40 ಮೂಲದಲ್ಲಿ ನೀರನ್ನು ಹೊರದೂಡಲೆಂದು 1953ರಲ್ಲಿ ತಯಾರಾದದ್ದು, ಆದರೂ ಸಣ್ಣಪುಟ್ಟ ಕಟ್ಟಿಗೆ ನಡೆಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಗೆ ಸ್ವಲ್ಪ ಚಿಮಣಿ ಎಣ್ಣೆ ಬೆರೆಸಿದರೂ ಆಗುತ್ತದೆ.

ಡಬ್ಬಿಯಿಂದ ನೇರವಾಗಿ ವಾಚಿನ ಮೇಲೆ ಸಿಂಪಡಿಸಬಾರದು. ಬಾಟಲಿಯ ಮುಚ್ಚಳದಲ್ಲಿ ತುಸು ಹಿಡಿದುಕೊಂಡು, ಸೂಜಿಯ ಮೊನೆಯಲ್ಲಿ ಒಂದೇ ಹನಿ ಎತ್ತಿ ಸ್ಕ್ರೂವಿನ ತಲೆಯ ಅಂಚಿಗೆ ಮುಟ್ಟಿಸಬೇಕು. ಹನಿ ಕಣ್ಣೆದುರೇ ಸಂದಿಯೊಳಗೆ ಹೀರಿಹೋಗುತ್ತದೆ. ಕೀ ಕೊಡುವ ಪಕ್ಕದ ಗುಂಡಿಯ ಬಳಿಗಾಗಲಿ, ಚರ್ಮದ ಬೆಲ್ಟಿಗಾಗಲಿ ಎಣ್ಣೆ ಸೋಕಬಾರದು. ಮರದ ಹಿಡಿಯಿಂದ ಸ್ಕ್ರೂಡ್ರೈವರಿನ ನೆತ್ತಿಗೆ ನಾಲ್ಕೈದು ಸಲ ಮೆಲ್ಲಗೆ ತಟ್ಟಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪ್ರಯತ್ನಿಸಿ, ಬರದಿದ್ದರೆ ಇನ್ನೊಂದು ಹನಿ, ಇನ್ನೊಂದು ರಾತ್ರಿ. ಬೈತಕೋಲದಲ್ಲಿ ದೋಣಿಯ ಮೇಲೆ ದುಡಿಯುವ ನಮ್ಮ ನೆರೆಯವರ ವಾಚಿಗೆ ನಾಲ್ಕು ರಾತ್ರಿ ಬೇಕಾಯಿತು. ಹೊರಬಂದ ಸ್ಕ್ರೂವಿನ ಥ್ರೆಡ್ಡಿನಲ್ಲಿ ಉಪ್ಪು ಹಿಂಡಿದ ಹಪ್ಪಳದ ಹಿಟ್ಟಿನಂತೆ ಮೆತ್ತಿಕೊಂಡಿತ್ತು.

ಅಂಟಿನ ಸ್ಕ್ರೂವಿಗೆ ಬೇರೆ ದಾರಿ. ಚೈನನ್ನು ಕೇಸಿನಿಂದ ಬಿಡಿಸಿ, ಚೈನನ್ನು ಮಾತ್ರ, ಕುದಿಯುವ ನೀರಿನ ಲೋಟದಲ್ಲಿ ಐದು ನಿಮಿಷ ಇಟ್ಟು, ಇಕ್ಕಳದಿಂದ ತೆಗೆದು ಬಿಸಿಯಿರುವಾಗಲೇ ತಿರುಗಿಸಬೇಕು. ಇದಕ್ಕೂ ಜಗ್ಗದಿದ್ದರೆ ಕಾದ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಸ್ಕ್ರೂವಿನ ತಲೆಗೆ ಕೆಲವು ಸೆಕೆಂಡು ಮುಟ್ಟಿಸಿದರೆ ಬಿಸಿ ಸ್ಕ್ರೂವಿನ ಉದ್ದಕ್ಕೂ ಇಳಿದು ಅಂಟು ಮೆತ್ತಗಾಗುತ್ತದೆ. ಸ್ಕ್ರೂ ಕೇಸಿನಲ್ಲಿಯೇ ಇದ್ದರೆ ಬಿಸಿಯ ಗೊಡವೆ ಬೇಡ. ಒಳಗಿನ ರಬ್ಬರ್ ರಿಂಗು ಕೆಟ್ಟರೆ ಮುಂದಿನ ಮಳೆಗೆ ವಾಚಿನೊಳಗೆ ನೀರು. ಹಿಂದಿನ ದಿನ ಎಣ್ಣೆ ಅಥವಾ ಚಿಮಣಿ ಎಣ್ಣೆ ಹಾಕಿದ್ದರೆ ಪೂರ್ತಿ ತೊಳೆದು ಒಣಗಿಸದೆ ಕಾದ ಕಡ್ಡಿಯನ್ನು ಹತ್ತಿರ ತರಲೇಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ.

ತಲೆ ಕೆಟ್ಟರೆ, ಮುರಿದರೆ

ಸೀಳಿನ ಅಂಚು ದುಂಡಗಾಗಿದ್ದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ಹೊಸ ಸೀಳು ಕೊರೆಯಲು, ಇಲ್ಲವೇ ಹಿಂದಿನಿಂದ ಕೊರೆದು ತೆಗೆಯಲು ಅಕ್ಕಸಾಲಿಗರ ನವಿರಾದ ಗರಗಸ ಮತ್ತು ಅಭ್ಯಾಸದ ಕೈ ಬೇಕು. ಮುರಿದ ತುಂಡು ಒಳಗೇ ಉಳಿದರೆ ಹಳೆಯ ಗಡಿಯಾರ ಕೆಲಸಗಾರರ ಬಳಿ ಒಂದು ಉಪಾಯವಿದೆ: ಕ್ಷೌರದ ಅಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಪಟಿಕವನ್ನು ಬಿಸಿನೀರಿನಲ್ಲಿ ಕರಗುವಷ್ಟು ಕರಗಿಸಿ, ಯಂತ್ರವನ್ನೆಲ್ಲ ಹೊರತೆಗೆದ ಬರಿಯ ಭಾಗವನ್ನು ಅದರಲ್ಲಿ ಮುಳುಗಿಸಿಟ್ಟರೆ ಸಾದಾ ಉಕ್ಕಿನ ತುಂಡು ನಿಧಾನವಾಗಿ ಕರಗಿಹೋಗುತ್ತದೆ, ಹಿತ್ತಾಳೆ ಉಳಿಯುತ್ತದೆ. ಆದರೆ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂವಿಗೆ ಇದು ಸರಿಯಾಗಿ ನಡೆಯುವುದಿಲ್ಲ, ಉಕ್ಕಿನ ಭಾಗಗಳಿರುವ ಕೇಸನ್ನು ಮುಳುಗಿಸಿದರೆ ಅವೂ ಹೋಗುತ್ತವೆ.

ಮತ್ತೆ ಕೂರಿಸುವಾಗ

ಹೊರಬಂದ ಸ್ಕ್ರೂವನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಬ್ರಷ್ಷಿನಿಂದ ಉಜ್ಜಿ, ಎಣ್ಣೆಯ ಪಸೆ ಇಲ್ಲದಂತೆ ಒಣಗಿಸಬೇಕು, ರಂಧ್ರವನ್ನೂ ಹಾಗೆಯೇ. ಹೊಸ ಬೆಲ್ಟಿಟ್ಟು ಸ್ಕ್ರೂವನ್ನು ರಂಧ್ರದ ಬಾಯಿಗೆ ತಂದ ಮೇಲೆ ಮೊದಲು ಹಿಂದಕ್ಕೆ ತಿರುಗಿಸಿ. ಥ್ರೆಡ್ಡಿನ ಮೊದಲ ಸುತ್ತು ಸರಿಯಾಗಿ ಬಿದ್ದ ಕೂಡಲೇ ಬೆರಳಿಗೆ ಸಣ್ಣ ಇಳಿತ ತಿಳಿಯುತ್ತದೆ, ಅಲ್ಲಿಂದ ಮುಂದಕ್ಕೆ ತಿರುಗಿಸಬೇಕು. ಓರೆಯಾಗಿ ಹೊಕ್ಕ ಸ್ಕ್ರೂ ಮುಂದಿನ ಸಲ ಖಂಡಿತ ಕಚ್ಚಿಕೊಳ್ಳುತ್ತದೆ.

ಚೈನಿನ ಸ್ಕ್ರೂ ತಾನಾಗಿ ಸಡಿಲವಾಗದಿರಲು ನೇರಳೆ ಬಣ್ಣದ, ಕಡಿಮೆ ಬಲದ ಅಂಟು ಸಾಕು. ಲಾಕ್‌ಟೈಟ್ 222 ಆ ಬಗೆಯದು. ಗಾಳಿ ತಗಲದ ಲೋಹದ ಸಂದಿಯಲ್ಲಿ ಮಾತ್ರ ಅದು ಗಟ್ಟಿಯಾಗುತ್ತದೆ, ಮತ್ತೆ ಬೇಕಾದಾಗ ಕೈಯ ಬಲಕ್ಕೇ ಬಿಡುತ್ತದೆ. ಸೂಜಿ ಮೊನೆಯಷ್ಟು ಹಚ್ಚಿದರೆ ಆಯಿತು, ಹೆಚ್ಚಾದರೆ ಕೊಂಡಿಗಳೇ ಆಡದಂತಾಗುತ್ತವೆ. ಮನೆಯಲ್ಲಿ ಚಪ್ಪಲಿಗೆ ಹಚ್ಚುವ ದಿಢೀರ್ ಅಂಟನ್ನು ಇದಕ್ಕೆ ಬಳಸಬಾರದು. ಅಂಟು ಹಾಕಿದ ಮೇಲೆ ಒಂದು ದಿನ ವಾಚನ್ನು ಕಟ್ಟದೆ ಬಿಡಿ, ಮತ್ತು ಸಮುದ್ರಕ್ಕೆ ಇಳಿದು ಬಂದ ದಿನ, ವಾಚು ನೀರು ತಡೆಯುವಂಥದ್ದಾಗಿದ್ದರೆ, ಪಕ್ಕದ ಗುಂಡಿಯನ್ನು ಒಳಕ್ಕೆ ಒತ್ತಿ ಸಿಹಿನೀರಿನಲ್ಲಿ ತೊಳೆದು, ಸ್ಕ್ರೂವಿನ ತಲೆಗಳು ಕೆಳಮುಖವಾಗುವಂತೆ ಬಟ್ಟೆಯ ಮೇಲೆ ಒಣಗಲು ಇಡಿ.