ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ: ಬಾಣಲೆಯಲ್ಲಿ ಹುರಿದ ನೂಡಲ್ಸ್

ಸಂಜೆ ಕೈಗಾಡಿಯ ಮುಂದೆ ನಿಂತು ನೂಡಲ್ಸ್ ತಿಂದ ರುಚಿಗೆ ಮನಸೋತು ಅದನ್ನು ಮನೆಯಲ್ಲಿ ಮಾಡಲು ಹೊರಟವರಲ್ಲಿ ಅನೇಕರಿಗೆ ಕೊನೆಗೆ ಸಿಗುವುದು ಮುದ್ದೆಗಟ್ಟಿದ, ಒದ್ದೆಯಾದ ನೂಡಲ್ಸ್. ಇದಕ್ಕೆ ಮುಖ್ಯ ಕಾರಣ ಉರಿ. ಗಾಡಿಯವರ ಒಲೆ ಮನೆಯ ಗ್ಯಾಸ್ ಒಲೆಗಿಂತ ಹಲವು ಪಟ್ಟು ಜೋರಾಗಿ ಉರಿಯುವುದರಿಂದ ತರಕಾರಿ ಬಿಟ್ಟ ನೀರು ಅಲ್ಲಿ ತಕ್ಷಣ ಆವಿಯಾಗಿ ಹೋಗುತ್ತದೆ. ಮನೆಯ ಒಲೆಗೆ ಅಷ್ಟು ಕಾವಿಲ್ಲ. ಆದರೆ ಬಾಣಲೆಯಲ್ಲಿ ಒಬ್ಬರ ಪಾಲಿನಷ್ಟೇ ಇದ್ದರೆ ಅದೇ ಉರಿ ಧಾರಾಳವಾಗಿ ಸಾಲುತ್ತದೆ. ಆದ್ದರಿಂದ ಕೆಲಸದ ಊರಿನಲ್ಲಿ ಒಬ್ಬರೇ ಕೋಣೆ ಮಾಡಿಕೊಂಡು ಇರುವವರಿಗೆ, ಹೊಸದಾಗಿ ಸಂಸಾರ ಹೂಡಿದ ಇಬ್ಬರಿಗೆ ಇದರಷ್ಟು ಒದಗುವ ಅಡುಗೆ ಕಡಿಮೆ.

ಅಂಗಡಿಯಲ್ಲಿ ಹಕ್ಕಾ ನೂಡಲ್ಸ್ ಎಂದು ಕೇಳಿದರೆ ಮಸಾಲೆ ಪೊಟ್ಟಣವಿಲ್ಲದ ಒಣ ನೂಡಲ್ಸ್ ಕೊಡುತ್ತಾರೆ. ಹಕ್ಕಾ ಎನ್ನುವುದು ಕೋಲ್ಕತ್ತದಲ್ಲಿ ನೆಲೆಸಿ, ಅಲ್ಲಿನ ಟಾಂಗ್ರಾ ಎಂಬ ಬಡಾವಣೆಯಲ್ಲಿ ಚರ್ಮ ಹದಮಾಡುವ ಕಸುಬು ನಡೆಸಿದ ಚೀನೀ ಸಮುದಾಯದ ಹೆಸರು. ಒಬ್ಬರಿಗೆ 75 ಗ್ರಾಂ ಸಾಕು. ತರಕಾರಿಯಲ್ಲಿ ಎಲೆಕೋಸು, ಕ್ಯಾರೆಟ್, ಈರುಳ್ಳಿ ಇದ್ದರೆ ಬೇರೇನೂ ಬೇಡ. ಎಲೆಕೋಸು ಅಗ್ಗ, ಬಹುದಿನ ಕೆಡುವುದಿಲ್ಲ, ಉಳಿದದ್ದು ಮರುದಿನದ ಪಲ್ಯಕ್ಕಾಗುತ್ತದೆ. ಸೋಯಾ ಸಾಸ್ ಮತ್ತು ವಿನೆಗರ್‌ನ ಒಂದೊಂದು ಸಣ್ಣ ಬಾಟಲಿ ತಂದಿಟ್ಟರೆ ತಿಂಗಳುಗಟ್ಟಲೆ ಬರುತ್ತವೆ.

ಮುಕ್ಕಾಲು ಲೀಟರ್ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ನೀರು ಚೆನ್ನಾಗಿ ಕುದಿಯತೊಡಗಿದ ಮೇಲೆಯೇ ನೂಡಲ್ಸ್ ಹಾಕಬೇಕು. ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಒಂದು ನಿಮಿಷ ಮೊದಲೇ ಒಂದು ಎಳೆ ತೆಗೆದು ಕಚ್ಚಿ ನೋಡಿ. ಹೊರಗೆ ಮೆತ್ತಗಿದ್ದು ನಡುವೆ ತುಸು ಬಿಗಿ ಇದ್ದರೆ ಅದೇ ಹದ, ಏಕೆಂದರೆ ಉಳಿದ ಬೇಯುವಿಕೆ ಬಾಣಲೆಯಲ್ಲಿ ನಡೆಯುತ್ತದೆ. ಕೂಡಲೇ ಜಾಲರಿಗೆ ಬಸಿದು ತಣ್ಣೀರು ಹೊಯ್ಯಬೇಕು. ಬೇಯುವುದು ಅಲ್ಲಿಗೆ ನಿಲ್ಲುತ್ತದೆ, ಎಳೆಗಳನ್ನು ಒಂದಕ್ಕೊಂದು ಅಂಟಿಸುವ ಗಂಜಿಯೂ ತೊಳೆದು ಹೋಗುತ್ತದೆ. ಒಂದು ಚಮಚ ಎಣ್ಣೆ ಸವರಿ, ತಟ್ಟೆಯಲ್ಲಿ ಹರವಿ ಕಾಲು ಗಂಟೆ ಆರಲು ಬಿಡಿ. ಹಸಿವಿನ ಆತುರದಲ್ಲಿ ಈ ಕಾಲು ಗಂಟೆಯನ್ನು ಬಿಟ್ಟುಬಿಡುವವರೇ ಹೆಚ್ಚು, ಅಡುಗೆ ಕೆಡುವುದೂ ಅಲ್ಲಿಯೇ.

ಆರುವಷ್ಟರಲ್ಲಿ ತರಕಾರಿಯನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ, ಉದ್ದುದ್ದವಾಗಿ ಹೆಚ್ಚಿಕೊಳ್ಳಿ. ಮೂರೂ ಸೇರಿ ಒಂದೂವರೆ ಲೋಟದಷ್ಟಾದರೆ ಸಾಕು. ಒಂದು ಬಟ್ಟಲಿನಲ್ಲಿ ಎರಡು ಚಮಚ ಸೋಯಾ ಸಾಸ್, ಒಂದು ಚಮಚ ವಿನೆಗರ್, ಕಾಲು ಚಮಚ ಕಾಳುಮೆಣಸಿನ ಪುಡಿ, ಒಂದು ಚಿಟಿಕೆ ಸಕ್ಕರೆ ಕಲಸಿಡಿ. ಇಲ್ಲಿ ಹೇಳಿರುವುದೆಲ್ಲ ಟೀ ಚಮಚದ ಅಳತೆ. ಒಲೆ ಹೊತ್ತಿಸಿದ ಮೇಲೆ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಲ್ಲಲು ಪುರಸೊತ್ತಿರುವುದಿಲ್ಲ.

ಒಗ್ಗರಣೆಗೆ ಬಳಸುವ ಕಬ್ಬಿಣದ ಬಾಣಲೆಯೇ ಇದಕ್ಕೆ ಉತ್ತಮ. (ನಾನ್‌ಸ್ಟಿಕ್ ಪಾತ್ರೆಯನ್ನು ಇಷ್ಟು ಕಾಯಿಸಬಾರದು.) ಬರಿ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಕಾಯಿಸಿ ಒಂದು ಹನಿ ನೀರು ಚಿಮುಕಿಸಿದರೆ ಅದು ಗುಂಡಗಾಗಿ ಓಡಾಡಬೇಕು. ಹನಿ ಪೂರ್ತಿ ಆರಿದ ಮೇಲೆ ಒಂದೂವರೆ ಚಮಚ ಎಣ್ಣೆ ಬಿಟ್ಟು, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ. ಘಮ ಬರುತ್ತಲೇ, ಬೆಳ್ಳುಳ್ಳಿ ಕೆಂಪಾಗುವ ಮೊದಲೇ ಈರುಳ್ಳಿ, ಕ್ಯಾರೆಟ್ ಸೇರಿಸಿ, ಅರ್ಧ ನಿಮಿಷದ ಬಳಿಕ ಎಲೆಕೋಸು ಹಾಕಿ. ಇನ್ನು ಕಿವಿಗೊಟ್ಟು ಕೇಳಬೇಕು. ಚುರುಚುರು ಸದ್ದು ಒಂದೇ ಸಮನೆ ಬರುತ್ತಿದ್ದರೆ ತರಕಾರಿ ಹುರಿಯುತ್ತಿದೆ ಎಂದರ್ಥ. ಸದ್ದು ಇಳಿದು ಕೊತಕೊತ ಎಂದರೆ ನೀರು ಬಿಟ್ಟುಕೊಂಡು ಬೇಯುತ್ತಿದೆ. ಹಾಗಾದರೆ ಕೈಯಾಡಿಸದೆ ತರಕಾರಿಯನ್ನು ಅಂಚಿಗೆ ಸರಿಸಿ, ನಡುವಿನ ನೀರು ಹಿಂಗಲು ಬಿಡಿ. ಎಲೆಕೋಸಿನ ಅಂಚು ಅಲ್ಲಲ್ಲಿ ಕಂದಾಗಿ, ಕಚ್ಚಿದರೆ ಕರಕರ ಎನ್ನುವಾಗ ನೂಡಲ್ಸ್ ಹಾಕಿ. ಸೌಟಿನಿಂದ ಒತ್ತಿದರೆ ಎಳೆ ತುಂಡಾಗುವುದರಿಂದ ಎರಡು ಫೋರ್ಕ್‌ಗಳಿಂದ ಎತ್ತಿ ಎತ್ತಿ ಬಿಡುವುದು ಲೇಸು. ಕಲಸಿಟ್ಟ ಸಾಸನ್ನು ಬಾಣಲೆಯ ಕಾದ ಅಂಚಿಗೆ ಸುತ್ತಲೂ ಸುರಿದರೆ ಅದು ಚುರ್ ಎಂದು ಸೀದಂತಾಗಿ ಗಾಡಿಯ ಆ ವಾಸನೆ ಮನೆಗೂ ಬರುತ್ತದೆ. ಒಂದು ನಿಮಿಷ ತಿರುವಿ ಇಳಿಸಿ. ಸೋಯಾ ಸಾಸಿನಲ್ಲೇ ಸಾಕಷ್ಟು ಉಪ್ಪಿರುವುದರಿಂದ ರುಚಿ ನೋಡದೆ ಉಪ್ಪು ಹಾಕಬೇಡಿ. ವಿನೆಗರ್ ಇಲ್ಲದವರು ಒಲೆ ಆರಿಸಿದ ಮೇಲೆ ನಿಂಬೆಹುಳಿ ಹಿಂಡಬಹುದು.

ಮೊಟ್ಟೆ ತಿನ್ನುವವರು ಮೊದಲು ಅದನ್ನು ಒಡೆದು ಹುರಿದು, ತೆಗೆದಿಟ್ಟು ಕಡೆಯಲ್ಲಿ ಬೆರೆಸಬೇಕು; ತಿನ್ನದವರಿಗೆ ಒಂದು ಹಿಡಿ ಹುರಿದ ಕಡಲೆಬೀಜ ಇದೆ. ನೂಡಲ್ಸ್ ಇಲ್ಲದ ದಿನ ಒಣ ಅಕ್ಕಿ ಶಾವಿಗೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗುವಷ್ಟು ಹೊತ್ತು ನೆನೆಸಿ, ಬಸಿದು ಹೀಗೆಯೇ ಹುರಿಯಬಹುದು.

ಇಬ್ಬರಿದ್ದರೆ 150 ಗ್ರಾಂ ನೂಡಲ್ಸನ್ನು ಒಟ್ಟಿಗೇ ಬೇಯಿಸಿಕೊಳ್ಳಿ, ನೀರನ್ನು ಒಂದೂವರೆ ಲೀಟರ್ ಇಡಿ, ಆದರೆ ಹುರಿಯುವುದು ಮಾತ್ರ ಎರಡು ಸಲ ಆಗಲಿ. ಒಂದು ಪಾಲು ಹುರಿಯಲು ಐದು ನಿಮಿಷವೂ ಹಿಡಿಯುವುದಿಲ್ಲ. ಮೊದಲಿನ ತಟ್ಟೆಯನ್ನು ಜೊತೆಗಿದ್ದವರ ಕೈಗೆ ಕೊಟ್ಟು, ಬಿಸಿ ಆರುವ ಮೊದಲೇ ತಿನ್ನಲು ಹೇಳಿ, ಬಾಣಲೆಯನ್ನು ಮತ್ತೆ ಕಾಯಲು ಇಡಿ.