ಅಪ್ಪ ಅಮ್ಮನ ಜೊತೆ ಫ್ರಾನ್ಸ್: ಬಸ್ಸು, ರೈಲು, ಕಡಲೆಹಿಟ್ಟಿನ ದೋಸೆ

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಮೂವತ್ತೆರಡು ವರ್ಷ ಬಸ್ ಓಡಿಸಿ ರಿಟೈರ್ ಆದವರು. ಅಮ್ಮನಿಗೆ ಮಂಡಿ ನೋವು. ಮೊಟ್ಟೆ ಸೋಕಿದ ಬಿಸ್ಕತ್ತನ್ನೂ ಮುಟ್ಟುವುದಿಲ್ಲ. ಇವರಿಬ್ಬರನ್ನೂ 2025ರ ಮೇ ತಿಂಗಳಲ್ಲಿ ಹತ್ತು ದಿನ ಫ್ರಾನ್ಸಿಗೆ ಕರೆದುಕೊಂಡು ಹೋಗಿದ್ದೆ.

ಎಲ್ಲರೂ ಪ್ಯಾಕೇಜ್ ಟೂರ್ ಹಿಡಿ ಅಂದರು. ಹತ್ತು ದಿನಕ್ಕೆ ಆರು ದೇಶ, ದಿನಾ ಅನ್ನ ಸಾರು. ನನಗೆ ಮನಸ್ಸು ಒಪ್ಪಲಿಲ್ಲ. ದಿನಾ ಬೆಳಗ್ಗೆ ಆರಕ್ಕೆ ಎದ್ದು ಸೂಟ್‌ಕೇಸ್ ಕಟ್ಟುವುದು ಅಮ್ಮನ ಕೈಲಿ ಆಗುವ ಕೆಲಸ ಅಲ್ಲ. ಒಂದೇ ದೇಶ, ಎರಡೇ ಊರು ಅಂತ ನಿಶ್ಚಯ ಮಾಡಿದೆ. ಪ್ಯಾರಿಸ್ ಆರು ದಿನ, ದಕ್ಷಿಣದ ಕಡಲತೀರದ ಊರು ನೀಸ್ ನಾಲ್ಕು ದಿನ. ಮಧ್ಯೆ ರೈಲು. ಎರಡೂ ಕಡೆ ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿದೆ.

ವೀಸಾಗೆ ಹೊರಡುವ ದಿನಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಬೇಕು. ಇನ್ನೊಂದು ಮಾತು ಮರೆಯಬೇಡಿ. ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ. ಅಮ್ಮ ಕಟ್ಟಿಟ್ಟಿದ್ದ ತುಪ್ಪ, ಪೇಡ ಎರಡನ್ನೂ ಮನೆಯಲ್ಲೇ ಬಿಡಿಸಿದೆ. ಚಟ್ನಿಪುಡಿ ಬಂತು.

ಪ್ಯಾರಿಸ್ ಅಂದರೆ ಎಲ್ಲರೂ ಮೆಟ್ರೋ ಅಂತಾರೆ. ಮೆಟ್ರೋ ಬೇಗ ಹೋಗುತ್ತೆ, ನಿಜ. ಆದರೆ ಅದು 1900ರಲ್ಲಿ ಶುರುವಾದದ್ದು. ಹಳೇ ಸ್ಟೇಷನ್‌ಗಳಲ್ಲಿ ಬಹುತೇಕ ಲಿಫ್ಟ್ ಇಲ್ಲ. ಮೊದಲ ದಿನ ಒಂದು ಲೈನ್‌ನಿಂದ ಇನ್ನೊಂದಕ್ಕೆ ಬದಲಾಯಿಸುವಷ್ಟರಲ್ಲಿ ಅಮ್ಮ ಮೆಟ್ಟಿಲ ಮೇಲೇ ಕೂತುಬಿಟ್ಟರು. ಮಂಡಿ ನೋವಿನವರನ್ನು ಕರೆದುಕೊಂಡು ಹೋಗುವಾಗ ನಾನು ಇದನ್ನು ಮೊದಲೇ ನೋಡಿಕೊಳ್ಳಬೇಕಿತ್ತು. ಎಲ್ಲ ಸ್ಟೇಷನ್ನಿನಲ್ಲೂ ಲಿಫ್ಟ್ ಇರುವುದು 14ನೇ ಲೈನಿನಲ್ಲಿ ಮಾತ್ರ.

ಮಾರನೇ ದಿನದಿಂದ ಬಸ್ಸು. ತಲೆಗೊಂದು ನವಿಗೋ ಈಸಿ ಕಾರ್ಡ್ (ಬಸ್ಸು, ಮೆಟ್ರೋ ಟಿಕೆಟ್ ತುಂಬಿಸಿಕೊಳ್ಳುವ ಕಾರ್ಡ್) ತೆಗೆದುಕೊಂಡಿದ್ದೆವು, ಕಾರ್ಡಿಗೆ 2 ಯೂರೋ. ಒಂದೇ ಕಾರ್ಡನ್ನು ಮೂವರೂ ಒಟ್ಟಿಗೆ ಬಳಸಲು ಬರುವುದಿಲ್ಲ. ನಾವು ಹೋದಾಗ ಮೆಟ್ರೋ ಟಿಕೆಟ್ 2.50 ಯೂರೋ, ಬಸ್ 2 ಯೂರೋ. ಬಸ್ ಟಿಕೆಟ್ಟಿನಲ್ಲಿ ತೊಂಬತ್ತು ನಿಮಿಷದೊಳಗೆ ಇನ್ನೊಂದು ಬಸ್ಸಿಗೂ ಹತ್ತಬಹುದು. ಐಫೆಲ್ ಟವರ್ ಪಕ್ಕದ ಶಾಂ ದ ಮಾರ್ಸ್‌ನಿಂದ ಹೊರಡುವ 69ನೇ ನಂಬರ್ ಬಸ್ ಹತ್ತಿ. ನೆಪೋಲಿಯನ್ ಸಮಾಧಿ ಇರುವ ಎನ್ವಲೀದ್, ಲೂವ್ರ್ ಮ್ಯೂಸಿಯಂ, ನಗರಸಭೆಯ ದೊಡ್ಡ ಕಟ್ಟಡ, ಬಸ್ತೀಯ್ ಚೌಕ, ಎಲ್ಲವನ್ನೂ ಕಿಟಕಿ ಪಕ್ಕ ಕೂತೇ ನೋಡಬಹುದು. 2021ರಿಂದ ಪ್ಯಾರಿಸ್‌ನ ಹೆಚ್ಚಿನ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. ನೋಡಲು ಬಂದವರಿಗೆ ಅದೇ ಸರಿಯಾದ ವೇಗ.

ಅಪ್ಪನ ಗಮನ ಇದ್ದದ್ದು ಬೇರೆ ಕಡೆ. ಸ್ಟಾಪಿನಲ್ಲಿ ಎಂಟು ಜನ ಹತ್ತಿದರು. ಒಬ್ಬೊಬ್ಬರೂ ಡ್ರೈವರ್ ಮುಖ ನೋಡಿ 'ಬೋಂಜೂರ್' ಅಂದರು. ಡ್ರೈವರೂ ಪ್ರತಿಯೊಬ್ಬರಿಗೂ ತಿರುಗಿ ಹೇಳಿದ. ಸ್ಕೂಲ್ ಬ್ಯಾಗ್ ಹೊತ್ತ ಹುಡುಗಿಯೂ ಹೇಳಿದಳು. ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಡ್ರೈವರ್‌ಗೂ ಒಂದು ಮುಖ ಇದೆ ಅಂತ ನೆನಪಿಟ್ಟಿದ್ದಾರಲ್ಲಮ್ಮ" ಅಂದರು. ಅವತ್ತಿನಿಂದ ಹತ್ತಿದ ಬಸ್ಸಿಗೆಲ್ಲ ಅಪ್ಪನದೇ ಮೊದಲ ಬೋಂಜೂರ್.

ಫ್ರೆಂಚರು ಸೊಕ್ಕಿನವರು ಅಂತ ಬಹಳ ಜನ ಹೇಳಿದ್ದರು. ನನಗೆ ಹಾಗನ್ನಿಸಲಿಲ್ಲ. ಅಲ್ಲಿ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ 'ಬೋಂಜೂರ್ ಮದಾಂ', 'ಬೋಂಜೂರ್ ಮಸಿಯೂ' ಅನ್ನಬೇಕು. ಅದನ್ನು ಬಿಟ್ಟು ನೇರ 'ಹೌ ಮಚ್' ಅಂದರೆ, ನಮ್ಮ ಮನೆಗೆ ಬಂದವರು ಹೊಸಿಲು ದಾಟಿದ ಕೂಡಲೇ ಕಾಫಿ ಎಲ್ಲಿ ಅಂತ ಕೇಳಿದ ಹಾಗೆ. ಮೊದಲು ಅವರ ಮಾತಿನಲ್ಲಿ ನಮಸ್ಕಾರ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಕೇಳಿದೆ. ಒಬ್ಬರೂ ಮುಖ ತಿರುಗಿಸಲಿಲ್ಲ.

ಊಟದ ಹೊತ್ತಿನ ಬಗ್ಗೆ ಜಾಸ್ತಿ ಹುಷಾರಾಗಿರಬೇಕು. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರೊಳಗೆ. ಎರಡೂವರೆಗೆ ಹೋದರೆ ಬಹಳಷ್ಟು ಕಡೆ ಅಡುಗೆಮನೆ ಬಂದ್. ರಾತ್ರಿ ಏಳಕ್ಕೆ ಮೊದಲು ತೆರೆಯುವುದು ಕಡಿಮೆ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು ಇರುತ್ತೆ, ಹೊತ್ತು ಗೊತ್ತಾಗುವುದೇ ಇಲ್ಲ. ನೀರಿಗೆ ದುಡ್ಡು ಕೊಡಬೇಡಿ, 'ಊನ್ ಕರಾಫ್ ದೋ' ಅಂದರೆ ಜಗ್ಗಿನಲ್ಲಿ ನಲ್ಲಿ ನೀರು ಕೊಡುತ್ತಾರೆ. ಸರ್ವಿಸ್ ಚಾರ್ಜ್ ಬೆಲೆಯಲ್ಲೇ ಸೇರಿರುತ್ತೆ.

ಒಂದು ಹೋಟೆಲಿನಲ್ಲಿ ಅಮ್ಮನಿಗೆ ಸಲಾಡ್ ತರಿಸಿದೆ. ಸೊಪ್ಪಿನ ಮೇಲೆ ಕೆಂಪಗೆ ಹುರಿದ ಸಣ್ಣ ಚೂರುಗಳು. ಹುರಿದ ಬ್ರೆಡ್ ಅಂದುಕೊಂಡೆ. ಅಮ್ಮ ಫೋರ್ಕ್ ಎತ್ತಿದವರು ಮೂಸಿ ನೋಡಿ ಕೆಳಗಿಟ್ಟರು. ಅದು ಲಾರ್ದೋಂ, ಹಂದಿಮಾಂಸದ ಚೂರು. ಸದ್ಯ ಬಾಯಿಗೆ ಹೋಗಿರಲಿಲ್ಲ. ತಪ್ಪು ನನ್ನದೇ, ನಾನು ಕೇಳಿರಲಿಲ್ಲ. ಆ ರಾತ್ರಿಯೇ ಒಂದು ಚೀಟಿ ಬರೆದಿಟ್ಟುಕೊಂಡೆ: ಮಾಂಸ, ಮೀನು, ಮೊಟ್ಟೆ, ಲಾರ್ದೋಂ ಯಾವುದೂ ಬೇಡ ಅಂತ ಫ್ರೆಂಚಿನಲ್ಲಿ. ಆಮೇಲೆ ಪ್ರತಿ ಸಲ ಅದನ್ನೇ ತೋರಿಸಿದೆ. ಹಲವು ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಅದನ್ನೂ ಅಮ್ಮನಿಗೆ ಮೊದಲೇ ಹೇಳಿದೆ. ಮುಚ್ಚಿಟ್ಟು ತಿನ್ನಿಸುವುದು ಸರಿಯಲ್ಲ, ಅಲ್ವಾ?

ಹಾಗಂತ ಅಮ್ಮ ಉಪವಾಸ ಇರಲಿಲ್ಲ. ಬೇಕರಿಯಲ್ಲಿ 'ತ್ರಾದಿಸಿಯೋಂ' ಅಂತ ಕೇಳಿ ಬಾಗೆಟ್ (ಕೋಲಿನ ಹಾಗೆ ಉದ್ದನೆಯ ಬ್ರೆಡ್) ತೆಗೆದುಕೊಳ್ಳಿ. 1993ರ ಸರ್ಕಾರಿ ನಿಯಮದಂತೆ ಅದಕ್ಕೆ ಮುಖ್ಯವಾಗಿ ಹಿಟ್ಟು, ನೀರು, ಉಪ್ಪು, ಯೀಸ್ಟ್ ಅಥವಾ ಹುಳಿಹಿಟ್ಟು, ಇಷ್ಟೇ. ಬೆಳಗ್ಗೆ ಏಳೂವರೆಗೆ ತಂದ ಬಾಗೆಟ್ ಕೈಯಲ್ಲಿ ಬೆಚ್ಚಗಿರುತ್ತಿತ್ತು. ಮುರಿದರೆ ಚಟ್ ಅಂತ ಸದ್ದು. ಅಮ್ಮ ಒಳಗೆ ಬೆಣ್ಣೆ ಸವರಿ, ಚಟ್ನಿಪುಡಿ ಉದುರಿಸುತ್ತಿದ್ದರು. ಗಾರ್ ದು ನೋರ್ ಸ್ಟೇಷನ್ ಹಿಂದಿನ ಲಾ ಶಪೆಲ್ ಬೀದಿಗಳಲ್ಲಿ ಶ್ರೀಲಂಕಾದ ತಮಿಳರ ಅಂಗಡಿಗಳಿವೆ. ಕರಿಬೇವು, ನುಗ್ಗೆಕಾಯಿ ಎಲ್ಲ ಸಿಗುತ್ತೆ. ಎರಡು ರಾತ್ರಿ ಮನೆಯಲ್ಲೇ ಸಾರು ಮಾಡಿದೆವು.

ಮ್ಯೂಸಿಯಂ ರಜಾ ದಿನ ನೋಡಿಕೊಳ್ಳಿ. ಲೂವ್ರ್‌ಗೆ ಮಂಗಳವಾರ ರಜಾ, ಓರ್ಸೆ ಮತ್ತು ವರ್ಸಾಯ್‌ಗೆ ಸೋಮವಾರ.

ವರ್ಸಾಯ್ ಅರಮನೆಗೆ ನಾನು ಹೋಗಿದ್ದು ಕನ್ನಡಿಗಳ ಸಾಲು ನೋಡುವುದಕ್ಕಲ್ಲ. ಹರ್ಕ್ಯುಲಿಸ್ ಹಾಲ್ ಅಂತ ಒಂದಿದೆ. 1788ರ ಆಗಸ್ಟ್ 10ರಂದು ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯನ್ನು ಕಂಡದ್ದು ಅಲ್ಲೇ. ಬ್ರಿಟಿಷರ ವಿರುದ್ಧ ಸಹಾಯ ಕೇಳಲು ಬಂದಿದ್ದರು. ಕೇಳಿದ ಸೈನ್ಯ ಸಿಗಲಿಲ್ಲ. ಮಾರನೇ ವರ್ಷ ಫ್ರಾನ್ಸಿನಲ್ಲೇ ಕ್ರಾಂತಿ ಆಯಿತು. ಜನ ಆ ಹಾಲನ್ನು ದಾಟಿ ಮುಂದಕ್ಕೆ ನುಗ್ಗುತ್ತಿದ್ದರು. ನಾವು ಮೂವರು ಗೋಡೆ ಪಕ್ಕ ನಿಂತೆವು. ಶ್ರೀರಂಗಪಟ್ಟಣದ ರೂಟಿನಲ್ಲಿ ಎಷ್ಟೋ ವರ್ಷ ಬಸ್ ಓಡಿಸಿದ ಅಪ್ಪ, ಕನ್ನಡಕ ತೆಗೆದು ಒರೆಸಿಕೊಂಡು, ಚಾವಣಿಯ ಚಿತ್ರವನ್ನು ತಲೆ ಎತ್ತಿ ನೋಡಿದರು.

ನೀಸ್ ರೈಲು ಪ್ಯಾರಿಸ್ಸಿನ ಗಾರ್ ದ ಲಿಯೋಂ ಸ್ಟೇಷನ್ನಿನಿಂದ. ಟಿಕೆಟ್ ಎರಡು ತಿಂಗಳು ಮೊದಲೇ ತೆಗೆದಿದ್ದೆ, ತಡವಾದಷ್ಟೂ ರೇಟ್ ಏರುತ್ತೆ. ಟಿಜಿವಿ ಅನ್ನುವ ಈ ವೇಗದ ರೈಲಿಗೆ ಎರಡು ಅಂತಸ್ತು. ವಯಸ್ಸಾದವರಿಗೆ ಕೆಳಗಿನ ಸೀಟೇ ಬುಕ್ ಮಾಡಿ. ಪ್ರತಿ ಸೂಟ್‌ಕೇಸಿಗೂ ಹೆಸರಿನ ಚೀಟಿ ಕಡ್ಡಾಯ. ಪ್ಲಾಟ್‌ಫಾರ್ಮ್ ನಂಬರ್ ತೋರಿಸುವುದು ಹೊರಡುವ ಸುಮಾರು ಇಪ್ಪತ್ತು ನಿಮಿಷ ಮೊದಲು. ಆದರೆ ಯಾವ ಹಾಲ್ ಅಂತ ಅದಕ್ಕಿಂತ ಮುಂಚೆ ಬೋರ್ಡಿನಲ್ಲಿ ಬರುತ್ತೆ. ಅಲ್ಲೇ ಹೋಗಿ ಕೂತಿರಿ. ಹೊರಡುವ ಎರಡು ನಿಮಿಷ ಮೊದಲು ಬಾಗಿಲು ಮುಚ್ಚುತ್ತೆ, ಕೈ ಬೀಸಿದರೂ ತೆರೆಯುವುದಿಲ್ಲ.

ಗಂಟೆಗೆ 300 ಕಿಲೋಮೀಟರ್ ವೇಗ. ಅಮ್ಮನ ಲೋಟದ ನೀರು ಅಲುಗಲಿಲ್ಲ. ಹೊರಟ ಸುಮಾರು ನಾಲ್ಕು ಗಂಟೆಯಲ್ಲಿ ತೂಲೋಂ ಬಂತು. ಟಿಪ್ಪುವಿನ ರಾಯಭಾರಿಗಳು ಹಡಗಿಳಿದ ಬಂದರು ಇದೇ ಅಂತ ಅಪ್ಪನಿಗೆ ತೋರಿಸಿದೆ. ಪಾಂಡಿಚೇರಿ ಬಿಟ್ಟದ್ದು 1787ರಲ್ಲಿ, ಇಲ್ಲಿ ಇಳಿದದ್ದು 1788ರ ಜೂನ್‌ನಲ್ಲಿ, ಪ್ಯಾರಿಸ್ ತಲುಪಿದ್ದು ಜುಲೈಗೆ. "ಕುದುರೆ ಗಾಡಿಯಲ್ಲಿ ತಿಂಗಳ ದಾರಿ" ಅಂತ ಅಪ್ಪ ಪ್ಲಾಟ್‌ಫಾರ್ಮ್ ಕಡೆ ನೋಡುತ್ತಲೇ ಇದ್ದರು. ನೀಸ್ ಕಡೆ ಹೋಗುವಾಗ ಬಲಗಡೆ ಕೂರಬೇಕು. ಸಾಂ ರಫಾಯೆಲ್ ದಾಟಿದ ಮೇಲೆ ಕೆಂಪು ಬಂಡೆಗಳು, ಅವುಗಳ ಬುಡಕ್ಕೇ ನೀಲಿ ಸಮುದ್ರ.

ನೀಸ್‌ನ ಹಳೇ ಊರಿನ ಗಲ್ಲಿಗಳಲ್ಲಿ ಸೊಕ್ಕಾ ಸಿಗುತ್ತೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ, ಅಗಲವಾದ ತಾಮ್ರದ ತಟ್ಟೆಗೆ ಸುರಿದು, ಸೌದೆ ಒಲೆಯೊಳಗೆ ಬೇಯಿಸುತ್ತಾರೆ. ಅಂಚು ಕರಿದ ಹಾಗೆ ಗರಿಗರಿ, ನಡುವೆ ಮೆತ್ತಗೆ. ಮಾರುವ ಹೆಂಗಸು ಅದನ್ನು ಕೆರೆದು ಚೂರು ಮಾಡಿ, ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಕಾಗದದಲ್ಲಿ ಕೊಟ್ಟಳು. ನಾನು ಚೀಟಿ ತೆಗೆಯುವಷ್ಟರಲ್ಲಿ ಅಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡಾಗಿತ್ತು.

"ಇದು ನಮ್ಮ ಕಡಲೆಹಿಟ್ಟಿನ ದೋಸೆನೇ ಕಣೆ. ಒಂದು ಹಸಿಮೆಣಸಿನಕಾಯಿ ಹಾಕಿದ್ದರೆ ಇನ್ನೂ ಚೆನ್ನಾಗಿರೋದು" ಅಂದರು. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, ಯಾರೂ ಹೇಳಿಕೊಡದೆ, "ಮೆರ್ಸಿ ಮದಾಂ" ಅಂದು ಇನ್ನೊಂದು ಪೊಟ್ಟಣಕ್ಕೆ ಕೈ ಚಾಚಿದರು.