ವಯಸ್ಸಾದ ಗಿನಿಪಿಗ್‌ಗೆ ಮೂತ್ರದ ತೊಂದರೆ ಇದ್ದರೆ

ಐದು ವರ್ಷ ದಾಟಿದ ಗಿನಿಪಿಗ್ ಮೂತ್ರ ಮಾಡುವಾಗ ಕೀಚ್ ಎಂದು ಕೂಗುತ್ತಿದ್ದರೆ ಅಥವಾ ಬೆನ್ನು ಗೂನು ಮಾಡಿ ಕೂರುತ್ತಿದ್ದರೆ ವಯಸ್ಸಾಯ್ತು ಅಂತ ಸುಮ್ನೆ ಬಿಡಬೇಡಿ. ಹಾಸಿದ ಬಟ್ಟೆಯ ಮೇಲೆ ಒಣಗಿದ ಮೂತ್ರದ ಕಲೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ನಯವಾದ ಬಿಳಿ ಪುಡಿ ಆಗಾಗ ಕಂಡರೆ ಸಹಜ. ಮರಳಿನ ಹಾಗೆ ಒರಟಾಗಿದ್ದರೆ, ರಕ್ತದ ಬಣ್ಣವಿದ್ದರೆ ವೈದ್ಯರಿಗೆ ತೋರಿಸಿ. ಮೂತ್ರದಲ್ಲಿ ಕಲ್ಲಾಗಿರಬಹುದು. ಇವುಗಳ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂನದ್ದು, ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಕಾಣುತ್ತದೆ.

ತಿಣುಕಿದರೂ ಮೂತ್ರವೇ ಬರುತ್ತಿಲ್ಲವಾದರೆ ನಾಳೆಯವರೆಗೆ ಕಾಯುವಂತಿಲ್ಲ. ಊಟ ಬಿಟ್ಟರೂ ಅಷ್ಟೇ, ಇವುಗಳ ಕರುಳು ಬೇಗ ನಿಂತುಹೋಗುತ್ತದೆ.

ಮನೆಯಲ್ಲಿದ್ದ ಆಂಟಿಬಯಾಟಿಕ್ ಮಾತ್ರ ಕೊಡಲೇಬೇಡಿ. ಅಮಾಕ್ಸಿಸಿಲಿನ್‌ನಂಥದ್ದು ಬಾಯಿಗೆ ಹಾಕಿದರೆ ಗಿನಿಪಿಗ್‌ನ ಜೀವಕ್ಕೇ ಅಪಾಯ.

ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಿರುವ ಅಲ್ಫಾಲ್ಫಾ ಮೇವು ಬೇಡ. ಟಿಮೊಥಿಯಂಥ ಒಣಹುಲ್ಲು ಸದಾ ಮುಂದಿರಲಿ, ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಆಹಾರ) ಮಿತವಾಗಿರಲಿ. ಕ್ಯಾಲ್ಸಿಯಂ ಹೆದರಿಕೆಗೆ ಸೊಪ್ಪನ್ನೇ ನಿಲ್ಲಿಸುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಪಾಲಕ್ ಬಿಟ್ಟು ಲೆಟ್ಯೂಸ್, ದಪ್ಪ ಮೆಣಸಿನಕಾಯಿ ತೊಳೆದು ಒದ್ದೆಯಾಗಿಯೇ ಕೊಡಿ. ನೀರೂ ಒಳಗೆ ಹೋಗುತ್ತದೆ, ಇವುಗಳ ದೇಹ ತಾನೇ ತಯಾರಿಸಿಕೊಳ್ಳಲಾಗದ ವಿಟಮಿನ್ ಸಿ ಕೂಡ ಸಿಗುತ್ತದೆ. ಬಾಟಲಿಯ ಜೊತೆ ಒಂದು ತಗ್ಗು ಬಟ್ಟಲಲ್ಲೂ ನೀರಿಡಿ. ಕತ್ತು ಎತ್ತಲು ಕಷ್ಟಪಡುವ ಮುದಿ ಪ್ರಾಣಿ ಅದರಲ್ಲೇ ಜಾಸ್ತಿ ಕುಡಿಯಬಹುದು.

ಹಿಂಭಾಗ ಒದ್ದೆಯಾಗಿಯೇ ಇದ್ದರೆ ಚರ್ಮ ಕೆಂಪಾಗಿ ಸುಲಿಯುತ್ತದೆ. ಪೂರ್ತಿ ಸ್ನಾನ ಬೇಡ. ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒತ್ತಿ ಒಣಗಿಸಿ, ಅಲ್ಲಿನ ಉದ್ದ ಕೂದಲು ಕತ್ತರಿಸಿ. ಹಾಸು ದಿನವೂ ಬದಲಿಸಿ. ತೂಕ ಬರೆದಿಡಿ, ನೋವಿದ್ದರೂ ಇವು ಎಷ್ಟೋ ಸಲ ತೋರಿಸಿಕೊಳ್ಳುವುದಿಲ್ಲ ಅಲ್ವಾ, ಆಗ ತೂಕ ಇಳಿದಾಗಲೇ ಗೊತ್ತಾಗುವುದು.